ಚಿಟ್ಟೆಗಳಿಗೆ ಹಾಜರಿ ಹಾಕುವ ಮಾವ

ನಮ್ಮ ಸೋದರಮಾವ ಹಳೇಬೀಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಷ್ಟ್ರಾಗಿದ್ದರೂ ಇನ್ನೂ ಹೊಯ್ಸಳೇಶ್ವರ ದೇವಸ್ಥಾನವನ್ನು ನೋಡಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಯಾರು ಏನೇ ಹೇಳಿದರೂ ಮೊದಲು ನಂಬದಿರುವುದು ಒಳ್ಳೆಯ ಅಭ್ಯಾಸ. ಹಾಸನದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಬಹುಮಾನಗಳನ್ನು ಹೊಡೆದದ್ದು ಆ ಒಂದು ಅಭ್ಯಾಸದ ಬಲದಿಂದಲೇ. ಪುರಾವೆ ಕೇಳಿ, ಕೊಡುತ್ತೇನೆ.

ದೇವಸ್ಥಾನಕ್ಕೆ ಅವರು ಹೋಗುವುದಿಲ್ಲವೆಂದಲ್ಲ. ದಿನಾ ಹೋಗುತ್ತಾರೆ. ಗೋಡೆಗೆ ಮೂಗು ತಗಲುವಷ್ಟು ಹತ್ತಿರ ಬಗ್ಗಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಮ್ಮೆ ಬೆಂಗಳೂರಿನಿಂದ ಬಂದ ಯಾತ್ರಿಕರೊಬ್ಬರು ಈ ಭಕ್ತಿಯನ್ನು ಕಂಡು, ಯಾರೋ ದೊಡ್ಡ ಶಿಲ್ಪ ಪಂಡಿತರೇ ಇರಬೇಕೆಂದು ಕೈಮುಗಿದು ಕೇಳಿದರು:

"ಸ್ವಾಮೀ, ಇದು ಯಾವ ಅವತಾರ?"

"ಅದೇ ಗೊತ್ತಾಗ್ತಿಲ್ಲ ನೋಡಿ. ಆರು ಕಾಲಿರಬೇಕು, ನಾಲ್ಕೇ ಕಾಣ್ತಿದೆ," ಎಂದರು ಮಾವ.

ಪಾಪ, ಆ ಮನುಷ್ಯ ದಶಾವತಾರಗಳನ್ನೆಲ್ಲ ಮನಸ್ಸಿನಲ್ಲಿ ಎಣಿಸಿರಬೇಕು! ಆರು ಕಾಲಿನದು ಸಿಗಲಿಲ್ಲ. ಮಾವ ನೋಡುತ್ತಿದ್ದದ್ದು ನರಸಿಂಹನ ತೊಡೆಯ ಮೇಲೆ ಕೂತಿದ್ದ ಒಂದು ಕಂದು ಚಿಟ್ಟೆಯನ್ನು. ಯಾತ್ರಿಕರು ಬೇಸರದಿಂದ, "ಹೋಗಲಿ, ಆ ದೊಡ್ಡ ನಂದಿಯ ವಿಷಯವಾದರೂ ಹೇಳಿ," ಎಂದರೆ ಇವರ ಉತ್ತರ ಕೇಳಿ: "ಅದಕ್ಕೇನು ಅವಸರ? ಏಳೆಂಟು ನೂರು ವರ್ಷದಿಂದ ಅಲ್ಲೇ ಕೂತಿದೆ, ನಾಳೆಯೂ ಕೂತಿರುತ್ತೆ. ಇದು ಈಗ ಹಾರಿಹೋಗುತ್ತೆ. ಮೊದಲು ಇದನ್ನ ನೋಡಿಬಿಡಿ!"

ಇಂಥವರು ನನ್ನ ತಾಯಿಯ ಅಣ್ಣ. ಹೇಗಿದೆ ನನ್ನ ಅದೃಷ್ಟ?

ನಮ್ಮ ಮನೆ ಅರಸೀಕೆರೆಯಲ್ಲಿ. ತಂದೆಯವರದು ರೈಲ್ವೆಯಲ್ಲಿ ಗುಮಾಸ್ತಿಕೆ. ನಮ್ಮ ಮನೆಯಲ್ಲಿ ಎಲ್ಲವೂ ರೈಲಿನ ಹೊತ್ತಿಗೆ ನಡೆಯುತ್ತದೆ. ಹಳೇಬೀಡಿನ ಮಾವನ ಮನೆಯಲ್ಲಿ ಎಲ್ಲವೂ ಚಿಟ್ಟೆಯ ಹೊತ್ತಿಗೆ. ಅವರ ಛತ್ರಿಯ ವಿಷಯವೊಂದೇ ಸಾಕು. ಊರ ಪಕ್ಕದ ಪುಷ್ಪಗಿರಿ ಗುಡ್ಡದ ತಪ್ಪಲಲ್ಲಿ ಮರಗಳು ಒತ್ತಾಗಿ ನೆರಳು ಕವಿದ ಒಂದು ಜಾಗವಿದೆ. ಅಲ್ಲಿ ಛತ್ರಿಯನ್ನು ಬಿಚ್ಚಿ ತಲೆಕೆಳಗಾಗಿ ಪೊದೆಯ ಕೆಳಗೆ ಹಿಡಿದು, ಕೊಂಬೆಯನ್ನು ಬೆತ್ತದಿಂದ ತಟ್ಟುತ್ತಾರೆ. ಹುಳುಗಳು ಛತ್ರಿಗೆ ಬೀಳುತ್ತವೆ. ಒಮ್ಮೆ ಹೀಗೆ ತಟ್ಟುತ್ತಿರುವಾಗಲೇ ಮಳೆ ಬಂತು. ಬೇರೆ ಯಾರಾದರೂ ಆಗಿದ್ದರೆ ಛತ್ರಿಯನ್ನು ತಲೆಯ ಮೇಲೆ ತಿರುಗಿಸುತ್ತಿದ್ದರು. ಇವರು ಅದನ್ನು ಮೆಲ್ಲಗೆ ಮಡಿಸಿ, ಕೋಟಿನೊಳಗೆ ಅವಿತಿಟ್ಟುಕೊಂಡು, ತಲೆಯಿಂದ ನೀರು ಸುರಿಸಿಕೊಂಡು ಮನೆಗೆ ಬಂದರು. "ಛತ್ರಿ ಕೈಯಲ್ಲೇ ಇದೆಯಲ್ಲರೀ!" ಎಂದು ಅತ್ತೆ ಹಣೆ ಚಚ್ಚಿಕೊಂಡರೆ, "ಇದೆ ಕಣೇ, ಆದರೆ ಅದರಲ್ಲಿ ಜನ ಇದಾರೆ," ಎಂದರಂತೆ.

ಇನ್ನು ಆ ಹಾಜರಿ ಪುಸ್ತಕ. ಶಾಲೆಯಲ್ಲಿ ಬಳಸದೆ ಉಳಿದ ಹಳೆಯದೊಂದು ಹಾಜರಿ ಪುಸ್ತಕದಲ್ಲಿ ಮಾವ ಚಿಟ್ಟೆಗಳಿಗೆ ಹಾಜರಿ ಹಾಕುತ್ತಾರೆ. ಉತ್ಪ್ರೇಕ್ಷೆಯಲ್ಲ! ಎಡಗಡೆ ಕ್ರಮಸಂಖ್ಯೆ, ಆಮೇಲೆ ಹೆಸರು, ಆಮೇಲೆ ತಾರೀಖಿನ ಮನೆಗಳು, ಕೊನೆಯಲ್ಲಿ ಷರಾ ಬರೆಯುವ ಅಂಕಣ. ಹೆಸರುಗಳೆಲ್ಲ ಇವರೇ ಇಟ್ಟದ್ದು. ನಂಬರ್ ಮೂರು, ನಿಂಬೆಗಿಡದವನು. ನಂಬರ್ ಎಂಟು, ಗಡಿಬಿಡಿ ಹಳದಿ. ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಪುಷ್ಪಗಿರಿಯ ತಪ್ಪಲನ್ನು ಒಂದು ಸುತ್ತು ಹಾಕಿ, ಕಂಡವರಿಗೆ ಒಂದು ಗೀಟು, ಕಾಣದವರಿಗೆ ಸೊನ್ನೆ.

ಈ ಪುಸ್ತಕದ ಹದಿನಾಲ್ಕು ಮತ್ತು ಹದಿನೈದನೆಯ ನಂಬರುಗಳೇ ನನ್ನ ಈ ಗೋಳಿನ ಮೂಲ.

ಹದಿನಾಲ್ಕು ಎಂದರೆ ಮಳೆಗಾಲದಲ್ಲಿ ಕಾಣುವ ಒಂದು ಕಂದು ಚಿಟ್ಟೆ. ಅಂಗೈಯ ಅರ್ಧದಷ್ಟಿರುತ್ತದೆ. ರೆಕ್ಕೆ ಮಡಿಸಿ ಕೂತಾಗ ಹೊರಗೆ ಕಾಣುವ ಮೈಮೇಲೆ ಸಾಲಾಗಿ ದುಂಡನೆಯ ಕಣ್ಣುಗಳು: ಹಳದಿ ಬಳೆ, ಅದರೊಳಗೆ ಕಪ್ಪು, ನಡುವೆ ಬಿಳಿ ಚುಕ್ಕೆ. ಹದಿನೈದು ಎಂದರೆ ಚಳಿಗಾಲ, ಬೇಸಿಗೆಯಲ್ಲಿ ಕಾಣುವ ಇನ್ನೊಂದು ಕಂದು ಚಿಟ್ಟೆ. ಅದಕ್ಕೆ ಕಣ್ಣುಗಳಿಲ್ಲ. ಮೈಯೆಲ್ಲ ಒಣಗಿದ ತರಗೆಲೆಯ ಬಣ್ಣ, ಎಲೆಗಿರುವಂತೆಯೇ ನಡುವೆ ಒಂದು ಗೆರೆ, ರೆಕ್ಕೆಯ ತುದಿ ಕೊಕ್ಕೆಯಂತೆ ಬಾಗಿದೆ. ಕಣ್ಣಿರುವವನಿಗೆ ಎರಡೂ ಬೇರೆ ಎಂದು ಮೈಲಿ ದೂರದಿಂದ ಗೊತ್ತಾಗುತ್ತದೆ.

ನಮ್ಮ ಮಾವನ ವಾದವೇನೆಂದರೆ, ಎರಡೂ ಒಂದೇ!

"ಹಾಜರಿ ನೋಡೋ," ಎಂದು ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. "ಇವನು ಬರೋ ತಿಂಗಳಲ್ಲಿ ಅವನು ಗೈರು. ಅವನು ಬರೋ ತಿಂಗಳಲ್ಲಿ ಇವನು ಗೈರು. ಇಬ್ಬರೂ ಹಗಲೆಲ್ಲ ತರಗೆಲೆಯಲ್ಲಿ ಬಿದ್ದಿರ್ತಾರೆ, ದೀಪ ಹಚ್ಚೋ ಹೊತ್ತಿಗೆ ಏಳ್ತಾರೆ. ಇಬ್ಬರೂ ನಾಲ್ಕು ಮಾರು ಹಾರಿ ದೊಪ್ಪಂತ ಬೀಳ್ತಾರೆ. ಮೇಷ್ಟ್ರಾದವನಿಗೆ ಅನುಮಾನ ಬರಬೇಕೋ ಬೇಡವೋ? ಒಬ್ಬನೇ ಹುಡುಗ ಎರಡು ಹೆಸರಲ್ಲಿ ಸೇರಿಕೊಂಡಿದಾನೆ ಕಣೋ!"

"ಸೂರ್ಯ ಇದ್ದಾಗ ನಕ್ಷತ್ರ ಗೈರು, ನಕ್ಷತ್ರ ಇದ್ದಾಗ ಸೂರ್ಯ ಗೈರು. ಹಾಗಂತ ಎರಡೂ ಒಂದೇನಾ ಮಾವ?"

"ಒಳ್ಳೇ ಪ್ರಶ್ನೆ."

"ಅದೂ ಅಲ್ಲದೆ ಇಲ್ಲಿ ನೋಡಿ, ದೀಪಾವಳಿ ಆದ ಮೇಲೆ ಹತ್ತು ಹನ್ನೆರಡು ದಿನ ಇಬ್ಬರೂ ಹಾಜರು! ಒಬ್ಬನೇ ಹುಡುಗ ಒಂದೇ ದಿನ ಎರಡು ಬೆಂಚಿನಲ್ಲಿ ಕೂರ್ತಾನಾ?"

"ಇದು ಇನ್ನೂ ಒಳ್ಳೇ ಪ್ರಶ್ನೆ," ಎಂದು ಮಾವ ಪೆನ್ನಿನ ಮುಚ್ಚಳ ತೆಗೆದು ಏನೋ ಗೀಚಿಕೊಂಡರು. ಎದುರಾಳಿ ಸೋಲನ್ನು ಒಪ್ಪಬೇಕು, ಇಲ್ಲವೇ ಕೋಪ ಮಾಡಿಕೊಳ್ಳಬೇಕು. ಹೀಗೆ ಸಂತೋಷಪಟ್ಟರೆ ವಾದಿಸುವುದಾದರೂ ಹೇಗೆ? ಇಡೀ ಜಿಲ್ಲೆಯಲ್ಲಿ ಇಷ್ಟು ತಲೆ ಕೆಡಿಸುವ ಪ್ರತಿವಾದಿ ನನಗೆ ಸಿಕ್ಕಿಲ್ಲ.

ನಾನು ಸುಮ್ಮನಿರುವವನಲ್ಲ. ಸತ್ತ ಚಿಟ್ಟೆಗಳನ್ನು ಜೋಡಿಸಿಡುವ ಅವರ ಪೆಟ್ಟಿಗೆಯಿಂದ ಎರಡೂ ಮಾದರಿಗಳನ್ನು ತೆಗೆದುಕೊಂಡು ಹೋಗಿ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಮಾವ ಚಿಟ್ಟೆಗಳನ್ನು ಕೊಲ್ಲುವುದಿಲ್ಲ. ಬಾಳಿ ಬದುಕಿ ತಾವಾಗಿ ಸತ್ತು ಬಿದ್ದವನ್ನು ಮಾತ್ರ ಆರಿಸಿ ತರುತ್ತಾರೆ. ಹಾಗಾಗಿ ಒಂದಕ್ಕೆ ರೆಕ್ಕೆ ಮುಕ್ಕಾಗಿತ್ತು, ಇನ್ನೊಂದಕ್ಕೆ ತಲೆಯೇ ಇರಲಿಲ್ಲ. ಅಧ್ಯಾಪಕರು ಅರೆಗಳಿಗೆ ನೋಡಿ, "ಎರಡು ಜಾತಿ. ಇದರಲ್ಲಿ ಕೇಳುವುದೇನಿದೆ?" ಎಂದು ಚಹಾ ಕುಡಿಯಲು ಹೋದರು. ನಾನು ಈ ತೀರ್ಪನ್ನು ಹಳೇಬೀಡಿಗೆ ಹೊತ್ತು ತಂದಾಗ ಮಾವ ಕೇಳಿದ್ದು ಒಂದೇ ಮಾತು: "ಅವರು ಅದು ಹಾರೋದನ್ನ ನೋಡಿದಾರೇನೋ?"

ಹಾರುವುದನ್ನು ನೋಡುವ ಭಾಗ್ಯ ನನಗೆ ಬಂದದ್ದು ಬಸ್ಸಿನಲ್ಲಿ. ಅದೂ ಒಂದು ಕಥೆ. ಬೇಸಿಗೆ ರಜೆಯಲ್ಲಿ ಅರಸೀಕೆರೆಯಿಂದ ನಾನೂ ಮಾವನೂ ಹಳೇಬೀಡಿಗೆ ಹೊರಟಿದ್ದೆವು. ಜಾವಗಲ್ ದಾಟಿ, ರಸ್ತೆ ಪಕ್ಕ ಮರಗಳ ಒಂದು ತೋಪು ಬಂತು. ಸಂಜೆಯ ಹೊತ್ತು. ಮಾವ ಎದ್ದು ನಿಂತು, "ನಿಲ್ಸಪ್ಪಾ!" ಎಂದು ಕೂಗಿದರು. ಡ್ರೈವರು ಇವರ ಹಳೇ ಶಿಷ್ಯ. ಗಕ್ಕನೆ ನಿಲ್ಲಿಸಿದ.

"ಇಳೀರಿ ಮೇಷ್ಟ್ರೇ, ಹತ್ತು ನಿಮಿಸ. ನಾನೂ ಎಂಜಿನ್ನಿಗೆ ನೀರು ಕುಡಿಸ್ತೀನಿ."

ಮಾವ ತೋಪಿಗೆ ನುಗ್ಗಿ ತರಗೆಲೆಯ ಮೇಲೆ ಮಂಡಿಯೂರಿ ಹುಡುಕತೊಡಗಿದರು. ಮೇಷ್ಟ್ರು ಏನನ್ನೋ ಕಳೆದುಕೊಂಡಿದ್ದಾರೆಂದು ಬಸ್ಸಿಗೆ ಬಸ್ಸೇ ಇಳಿದುಬಂತು. ಒಬ್ಬರು ಕನ್ನಡಕ ಎಂದರು, ಇನ್ನೊಬ್ಬರು ಉಂಗುರ ಎಂದರು. ಎರಡು ನಿಮಿಷದಲ್ಲಿ ಇಪ್ಪತ್ತು ಜನ ನೆಲ ನೋಡಿಕೊಂಡು ಬಗ್ಗಿದ್ದರು. ನಾನು ಅವರಿಗೂ ನನಗೂ ಸಂಬಂಧವೇ ಇಲ್ಲವೆಂಬಂತೆ ಬಸ್ಸಿನ ಬಾಗಿಲಿಗೆ ಒರಗಿ ನಿಂತೆ. ಹುಲಿಕೆರೆಯ ಕಡೆಯ ಅಜ್ಜಿಯೊಬ್ಬಳು ಸೊಂಟ ಹಿಡಿದುಕೊಂಡು ಎದ್ದು ಹೇಳಿದಳು:

"ಏನ್ ಉಂಗ್ರಾನೋ ಏನೋ ಸಾಮಿ. ಇಲ್ಲೇನೈತೆ? ಬರೀ ತರಗೆಲೆ ಐತೆ ಅಷ್ಟೇಯ!" ಎಂದು ಒಂದು ಎಲೆಯನ್ನು ಬೆರಳಿನಿಂದ ಒತ್ತಿ ತೋರಿಸಹೋದಳು.

ಎಲೆ ಎದ್ದು ಹಾರಿಹೋಯಿತು!

"ಅಯ್ಯಯ್ಯಪ್ಪಾ!" ಎಂದು ಅಜ್ಜಿ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದಳು. ಎಲೆ ನಾಲ್ಕು ಮಾರು ಹೋಗಿ ದೊಪ್ಪನೆ ಬಿದ್ದು ಮತ್ತೆ ಎಲೆಗಳಲ್ಲಿ ಎಲೆಯಾಯಿತು. "ಹದಿನೈದು! ಹಾಜರ್!" ಎಂದು ಮಾವ ಜೇಬಿನಿಂದ ಚೀಟಿ ತೆಗೆದರು. ಹಳೇಬೀಡು ತಲುಪುವವರೆಗೂ ಬಸ್ಸಿನಲ್ಲಿ ಅದೇ ಮಾತು. ಕಂಡಕ್ಟರು ನನಗೆ ಟಿಕೆಟ್ಟು ಕೊಡುವುದನ್ನೂ ಮರೆತ. ನಾನೇ ಕೇಳಿ ಪಡೆದೆ, ತತ್ತ್ವ ಮುಖ್ಯ.

ಇಷ್ಟಾದರೂ ಹಾರುವ ರೀತಿ ಒಂದೇ ಎಂಬುದರಿಂದ ಜಾತಿ ಒಂದೇ ಎಂದು ಸಿದ್ಧವಾಗುವುದಿಲ್ಲವಷ್ಟೆ? ಅದನ್ನೇ ಹೇಳಿದೆ. ಆಗ ಮಾವ ತಮ್ಮ ಕೊನೆಯ ಅಸ್ತ್ರ ತೆಗೆದರು: "ಹಾಗಾದರೆ ಮೊಟ್ಟೆಯಿಂದ ಸಾಕಿ ನೋಡಿಬಿಡೋಣ. ಹದಿನಾಲ್ಕರ ಹೊಟ್ಟೆಯಲ್ಲಿ ಹದಿನೈದು ಹುಟ್ಟಿದರೆ ಒಪ್ತೀಯಾ?"

"ಒಪ್ತೀನಿ. ಹುಟ್ಟದಿದ್ದರೆ ನೀವು ಒಪ್ತೀರಾ?"

"ಒಪ್ತೀನಿ."

ಮಳೆ ಹಿಡಿದ ಮೇಲೆ ಹದಿನಾಲ್ಕರ ಒಂದು ಹೆಣ್ಣು ಚಿಟ್ಟೆಯನ್ನು ಹಿಡಿದು, ಹುಲ್ಲು ಬೆಳೆಸಿದ ಮಣ್ಣಿನ ಕುಂಡದ ಮೇಲೆ ಬಿಟ್ಟು, ಅತ್ತೆಯ ಹಳೇ ಸೀರೆಯ ತುಂಡನ್ನು ಮುಚ್ಚಿದರು. ಹುಲ್ಲಿನ ಗರಿಯ ಅಡಿಯಲ್ಲಿ ಮುತ್ತಿನಂಥ ಮೊಟ್ಟೆಗಳು. ಮೊದಲ ಸಲ ಮೊಟ್ಟೆಗಳನ್ನು ಇರುವೆಗಳು ಹೊತ್ತುಕೊಂಡು ಹೋದವು. ಎರಡನೆಯ ಸಲ, ಶ್ರಾವಣದಲ್ಲಿ ಸಾಕಿದವು ಗೌರಿಹಬ್ಬದ ಹೊತ್ತಿಗೆ ಚಿಟ್ಟೆಗಳಾದವು. ಏಳಕ್ಕೆ ಏಳೂ ಕಣ್ಣಿದ್ದವೇ! ತಾಯಿಯಂತೆ ಮಕ್ಕಳು!

"ಮುಗೀತಲ್ಲ ಮಾವ?" ಎಂದೆ.

"ಇನ್ನೂ ಮಳೆಗಾಲ ಮುಗಿದಿಲ್ಲವಲ್ಲೋ. ಚಳಿ ಬೀಳಲಿ. ಆಗ ಹುಟ್ಟೋದಕ್ಕೆ ಕಣ್ಣಿರಲ್ಲ."

"ಇದು ವಾದವಲ್ಲ ಮಾವ, ಬರೀ ವಾಯಿದೆ!"

ಇಲ್ಲಿ ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದರು. ಅತ್ತೆಯ ತವರು ಚನ್ನಪಟ್ಟಣದ ಕಡೆ. ಅವರ ತಂದೆಯ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ಹುಳುಗಳ ಮನೆಯಲ್ಲಿ ಹುಟ್ಟಿ, ಸದ್ಯ ತಪ್ಪಿಸಿಕೊಂಡೆ ಎಂದುಕೊಂಡು ಮೇಷ್ಟ್ರನ್ನು ಮದುವೆಯಾದರೆ ಇಲ್ಲೂ ಹುಳು! ಆ ಹುಳುವಿನಿಂದ ರೇಷ್ಮೆಯಾದರೂ ಬರುತ್ತಿತ್ತು. ಈ ಹುಳುವಿನಿಂದ ಏನು ಬರುತ್ತದೆ? ಸಂಜೆ ದೇವರಿಗೆ ದೀಪ ಹಚ್ಚಿ ತಿರುಗಿದರೆ ಗಂಡ ಗುಡ್ಡದಲ್ಲಿ, ಮನೆಯಲ್ಲಿ ತಾವೊಬ್ಬರೇ. ಅವರು ಸೆರಗು ಸಿಕ್ಕಿಸಿಕೊಂಡು ಹೇಳಿದರು:

"ಇನ್ನೊಂದೇ ಸಲರೀ. ಅದರಲ್ಲೂ ಕಣ್ಣಿರೋದೇ ಬಂದರೆ, ಈ ಪೆಟ್ಟಿಗೆ, ಈ ಪುಸ್ತಕ ಎಲ್ಲಾ ನೀರೊಲೆಗೆ. ಇವನೇ ಸಾಕ್ಷಿ."

ಮಾವ ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ, "ಆಗಲಿ ಕಣೇ. ಅದರಲ್ಲೂ ಕಣ್ಣಿದ್ದರೆ ನಾನೇ ಒಲೆಗೆ ಹಾಕ್ತೀನಿ. ಆಮೇಲೆ ಗುಡ್ಡಕ್ಕೂ ಹೋಗಲ್ಲ," ಎಂದರು. ಹನ್ನೊಂದು ವರ್ಷದ ಹಾಜರಿ! ನನಗೆ ಗೆಲುವಿನ ವಾಸನೆ ಬಂತು. ಕರಾರನ್ನು ಒಂದು ಕಾಗದದಲ್ಲಿ ಬರೆದು ಇಬ್ಬರ ಕೈಲೂ ರುಜು ಹಾಕಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಕರಡು ಮಾತ್ರ ಬಹಳ ಚೆನ್ನಾಗಿತ್ತು.

ನವರಾತ್ರಿ ಕಳೆದ ಮೇಲೆ ಹಾಸ್ಟೆಲ್ಲಿಗೆ ಒಂದು ಕಾರ್ಡು ಬಂತು. "ಕ್ಷೇಮ. 14 ಕುಂಡದಲ್ಲಿ ಮೊಟ್ಟೆಯಿಟ್ಟಿದೆ. ಬಿಡುವಾದಾಗ ಬಂದು ನೋಡುವುದು." ಆ ಕಾರ್ಡನ್ನು ನನಗಿಂತ ಮೊದಲು ಓದಿದ ವಾರ್ಡನ್ನರು, "ನಿಮ್ಮ ಮಾವ ಕೋಳಿ ಸಾಕಣೆ ಮಾಡ್ತಾರೇನಯ್ಯ?" ಎಂದು ನಾಲ್ಕು ಜನರೆದುರು ಕೇಳಿದರು. ನಾನು ಹೌದೆಂದುಬಿಟ್ಟೆ. ಸತ್ಯ ಹೇಳುವುದಕ್ಕಿಂತ ಅದೇ ಮರ್ಯಾದೆ ಎನಿಸಿತು. ನೋಡಲು ಮಾತ್ರ ಹೋಗಲಿಲ್ಲ. ಹಿಂದಿನ ಸಲ ಸಾಕಿದಾಗಲೂ ನಾನು ಹುಳುವನ್ನು ಕಣ್ಣಿಟ್ಟು ನೋಡಿರಲಿಲ್ಲ. ವಾದಿಸುವುದಕ್ಕೆ ನೋಡುವುದು ಯಾಕೆ ಬೇಕು?

ಯಾಕೆ ಬೇಕು ಎಂಬುದು ಬಲಿಪಾಡ್ಯಮಿಯ ದಿನ ಗೊತ್ತಾಯಿತು.

ಅಮ್ಮ ಅಣ್ಣನ ಮನೆಗೆಂದು ಒಬ್ಬಟ್ಟಿನ ಡಬ್ಬಿ ಕೊಟ್ಟು ನನ್ನನ್ನು ಹಳೇಬೀಡಿಗೆ ಅಟ್ಟಿದ್ದಳು. ನಾನು ಹೋದಾಗ ಹಿತ್ತಲಲ್ಲಿ ಗೋಪೂಜೆ ನಡೆಯುತ್ತಿತ್ತು. ಹಸುವಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮಾವ ಮಡಿಯುಟ್ಟು ಮಂತ್ರ ಹೇಳುತ್ತಿದ್ದರು. ಆರತಿ ಎತ್ತಿದ ಅತ್ತೆ ನನ್ನನ್ನು ಕಂಡವರೇ, "ಸರಿಯಾದ ಹೊತ್ತಿಗೆ ಬಂದೆ! ಹಸೀ ಹುಲ್ಲು ತಗೊಂಡು ಬಾರೋ, ಬೇಗ, ಬೇಗ!" ಎಂದರು.

ಹಸೀ ಹುಲ್ಲು ಎಲ್ಲಿದೆ? ಬೇಲಿಯ ಪಕ್ಕ ಇತ್ತು. ಅಲ್ಲಿ ಮುಳ್ಳು, ಇಬ್ಬನಿ, ನನ್ನ ಹೊಸ ಪಂಚೆ. ಹಿಂದಿನ ಜಗಲಿಯ ಬಿಸಿಲಿನಲ್ಲಿ ಒಂದು ಕುಂಡ ಇತ್ತು. ಅದರ ತುಂಬ ಎಳಸಾಗಿ ಬೆಳೆದ ಹುಲ್ಲು, ದೇವರೇ ಒದಗಿಸಿದ ಹಾಗೆ. ನಾನು ದೇವರನ್ನೂ ಸುಲಭಕ್ಕೆ ನಂಬುವವನಲ್ಲ. ಆದರೂ ಅವಸರದಲ್ಲಿ ಎರಡೂ ಕೈಯಿಂದ ಬುಡಸಮೇತ ಕಿತ್ತು ತಂದು ಹಸುವಿನ ಬಾಯಿಗೆ ಹಿಡಿದೆ. ಹಸು ಸಂತೋಷದಿಂದ ತಿಂದಿತು. ಬಹಳ ಸಂತೋಷದಿಂದ. ಅರ್ಧ ತಿಂದ ಮೇಲೆ ಒಂದು ಗರಿ ಅಲುಗಾಡಿದಂತಾಯಿತು. ನೋಡುತ್ತೇನೆ: ಗರಿಯಷ್ಟೇ ಹಸಿರಾದ, ಗರಿಯಷ್ಟೇ ಸಪೂರವಾದ ಒಂದು ಹುಳು! ತಲೆಯ ಮೇಲೆ ಎರಡು ಕೋಡು, ಬಾಲ ಕವಲು. ಆ ಕೋಡಿನ ಹುಳುವೂ ಈ ಕೋಡಿನ ಹಸುವೂ ಒಂದು ಗಳಿಗೆ ಮುಖಾಮುಖಿಯಾದವು. ಆಮೇಲೆ ಹುಳು ಇರಲಿಲ್ಲ.

ಪ್ರತಿವಾದಿಯ ಸಾಕ್ಷಿಗಳನ್ನೆಲ್ಲ ನಾನು ನನ್ನ ಕೈಯಾರೆ, ಮಂತ್ರಸಹಿತವಾಗಿ, ಹಸುವಿಗೆ ತಿನ್ನಿಸಿಬಿಟ್ಟಿದ್ದೆ.

ಮಂತ್ರ ನಿಂತಿತು. ಮಾವ ಖಾಲಿ ಕುಂಡವನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಮೆಲುಕು ಹಾಕುತ್ತಿದ್ದ ಹಸುವನ್ನು ನೋಡಿದರು. ಒಂದಾದರೂ ಬೈಗುಳ ಬರಬಹುದೆಂದು ನಾನು ಕಾದೆ. ಬೈದಿದ್ದರೆ ತಿರುಗಿ ಹೇಳಲು ನನ್ನ ಹತ್ತಿರ ಮೂರು ಅಂಶಗಳು ಸಿದ್ಧವಾಗಿದ್ದವು.

"ಹೋಗಲಿ ಬಿಡು. ಅದಕ್ಕೇನು ಗೊತ್ತು, ಪಾಪ," ಎಂದರು.

ಅದಕ್ಕೆ ಎಂದದ್ದು ಹಸುವಿಗೋ, ನನಗೋ? ಇವತ್ತಿಗೂ ಕೇಳುವ ಧೈರ್ಯವಾಗಿಲ್ಲ.

ಕರಾರಿನ ಪ್ರಕಾರ ಸಾಕ್ಷಿ ಇಲ್ಲದಿದ್ದರೆ ಏನು? ಅದನ್ನು ನಾನು ಬರೆದೇ ಇರಲಿಲ್ಲ. ಆದರೆ ಮಾವ ಒಳಗೆ ಹೋಗಿ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ನೀರೊಲೆಯ ಪಕ್ಕ ಇಟ್ಟರು. "ಚಳಿ ಬಿತ್ತು. ಇನ್ನು ಮೊಟ್ಟೆಯಿಡೋ ಹದಿನಾಲ್ಕು ಸಿಗಲ್ಲ. ಇನ್ನೊಂದೇ ಸಲ ಅಂತ ತಾನೇ ಮಾತು?" ಎಂದರು. ಹಬ್ಬದ ಊಟಕ್ಕೆ ಕೂತು ಅಮ್ಮನ ಒಬ್ಬಟ್ಟನ್ನೇ ಎಲೆಯ ಅಂಚಿಗೆ ತಳ್ಳಿದೆ. ಗೆದ್ದವನಿಗೆ ಹೀಗಾಗಬಾರದು!

ಅತ್ತೆ ತುಪ್ಪ ಬಡಿಸುತ್ತಾ ಬಂದವರು ನನ್ನ ಎಲೆಯ ಮುಂದೆ ನಿಂತರು. ಮಾವನ ಕಡೆ ನೋಡದೆ, "ಉಗ್ರಾಣದ ಕಿಟಕೀಲಿ ಒಂದು ಒಡಕಲು ಚಟ್ಟಿ ಇದೆ. ಊಟ ಆದ ಮೇಲೆ ನೋಡಿ," ಎಂದರು.

ಮಾವ ಊಟ ಆಗುವವರೆಗೆ ಕಾಯಲಿಲ್ಲ. ಎಂಜಲು ಕೈಯಲ್ಲೇ ಎದ್ದು ಓಡಿದರು. ಚಟ್ಟಿಯಲ್ಲಿ ನಾಲ್ಕು ಗರಿ ಹುಲ್ಲು, ಅದರಲ್ಲಿ ಎರಡು ಹುಳು!

"ನಮ್ಮಪ್ಪನ ಮನೇಲಿ ಎಲ್ಲಾ ಹುಳೂನೂ ಒಂದೇ ತಟ್ಟೇಲಿ ಯಾವತ್ತೂ ಇಡ್ತಿರಲಿಲ್ಲ," ಎಂದು ಅತ್ತೆ ಸಾರಿನ ಪಾತ್ರೆಯೊಂದಿಗೆ ಮಾತಾಡುವವರಂತೆ ಹೇಳಿದರು. "ಒಂದು ತಟ್ಟೆ ಕೆಟ್ಟರೆ ಇನ್ನೊಂದಿರಲಿ ಅಂತ. ಅವೆರಡೂ ಪೊರೆ ಬಿಡೋಕೆ ತಲೆ ಎತ್ತಿಕೊಂಡು ಕೂತಿದ್ವು. ಮಿಕ್ಕವು ತುಳಿದಾವು ಅಂತ ಬೇರೆ ಇಟ್ಟೆ. ನಿಮಗೆ ಹುಳು ಸಾಕೋಕೆ ಎಲ್ಲಿ ಬರುತ್ತೆ? ಕುಂಡಕ್ಕೆ ನೀರು ಸುರಿದು ಸುರಿದು ಜೌಗು ಮಾಡಿಟ್ಟಿದ್ರಿ."

ನೋಡಿದಿರಾ? ಪೆಟ್ಟಿಗೆ ಒಲೆಗೆ ಹಾಕಿ ಎಂದವರೂ ಅವರೇ! ಸಾಕ್ಷಿಯನ್ನು ಬಚ್ಚಿಟ್ಟು ಕಾಪಾಡಿದವರೂ ಅವರೇ! ಈ ಮನೆಯಲ್ಲಿ ತರ್ಕಶಾಸ್ತ್ರ ಕಲಿತವನು ನಾನೊಬ್ಬನೇ ಎಂಬುದು ನನಗೆ ಅವತ್ತು ದೃಢವಾಯಿತು.

ಎರಡರಲ್ಲಿ ಒಂದು ಹುಳು ನಾಲ್ಕು ದಿನಕ್ಕೆ ಸತ್ತಿತು. ಉಳಿದದ್ದು ಒಂದೇ. ಅದು ಬಾಲದಿಂದ ಗರಿಗೆ ನೇತುಬಿದ್ದು, ಹಸಿರು ಗಾಜಿನ ಹನಿಯಂಥ ಗೂಡಾಯಿತು ಎಂದು ಕಾರ್ಡು ಬಂತು. ನಾನು ಪ್ರತಿ ಶನಿವಾರ ಹಾಸನದಿಂದ ಬಸ್ಸು ಹತ್ತತೊಡಗಿದೆ. ಪ್ರೀತಿಯಿಂದಲ್ಲ, ತಪ್ಪಿತಸ್ಥನ ಕರ್ತವ್ಯ ಎಂದು. ಚಳಿ ಹೆಚ್ಚಿದ ಹಾಗೆ ಅದೂ ತಡಮಾಡಿತು.

ಅಂಥ ಒಂದು ಶನಿವಾರ ನಾನು ಹೋದಾಗ ಮಾವ ಇರಲಿಲ್ಲ. ಶಾಲೆಯ ಯಾವುದೋ ಕಾಗದಪತ್ರಕ್ಕಾಗಿ ಬೇಲೂರಿಗೆ ಹೋಗಿದ್ದರು. ಗೂಡು ಕಪ್ಪಗಾಗಿತ್ತು. "ಇವತ್ತು ಬರುತ್ತೆ. ನೋಡ್ತಾ ಕೂತಿರಬೇಕಂತೆ. ನಿನಗೇ ಹೇಳಿ ಹೋಗಿದಾರೆ," ಎಂದರು ಅತ್ತೆ. ಹೊತ್ತು ಹೋಗಬೇಕಲ್ಲ? ಪಕ್ಕದಲ್ಲಿದ್ದ ಹಾಜರಿ ಪುಸ್ತಕ ಎಳೆದುಕೊಂಡೆ.

ಷರಾ ಬರೆಯುವ ಅಂಕಣವನ್ನು ನಾನು ಅದುವರೆಗೆ ಓದಿರಲಿಲ್ಲ. ಶಾಲೆಯ ಪುಸ್ತಕದಲ್ಲಾದರೆ ಅಲ್ಲಿ 'ಜ್ವರ', 'ಊರಿಗೆ ಹೋಗಿದ್ದಾನೆ' ಎಂದೆಲ್ಲ ಇರುತ್ತದೆ. ಇಲ್ಲಿ ಮಾವನ ಮುತ್ತಿನಂಥ ಅಕ್ಷರದಲ್ಲಿ ಇದ್ದದ್ದು ಇದು:

"ಚಿ|| ಅಳಿಯನ ಆಕ್ಷೇಪ: ಒಟ್ಟಿಗೆ ಕಾಣದ್ದರಿಂದ ಒಂದೇ ಎಂದಾಗದು. ಸರಿಯಾದ ಮಾತು."

"ಚಿ|| ಅಳಿಯನ ಆಕ್ಷೇಪ: ಹತ್ತು ದಿನ ಇಬ್ಬರೂ ಹಾಜರು, ಹೇಗೆ? ಉತ್ತರ ಇನ್ನೂ ತಿಳಿದಿಲ್ಲ. ತಡವಾಗಿ ಸಾಯುವ ಹಳಬರೂ ಬೇಗ ಹುಟ್ಟಿದ ಹೊಸಬರೂ ಇರಬಹುದೆ?"

"ಚಿ|| ಅಳಿಯ ಹೇಳಿದ್ದು: ಹಾರುವ ರೀತಿ ಸಾಕ್ಷಿಯಲ್ಲ. ಒಪ್ಪಿದೆ. ಸಾಕಿಯೇ ನೋಡಬೇಕು."

ಹಾಳೆ ತಿರುವಿದೆ. ನಾನು ಹೈಸ್ಕೂಲಿನಲ್ಲಿದ್ದಾಗ, ಮೀಸೆಯೂ ಬಾರದ ಕಾಲದಲ್ಲಿ, ಅವರ ಬಾಯಿ ಮುಚ್ಚಿಸಲೆಂದು ಎಸೆದ ಮಾತುಗಳೂ ಅಲ್ಲಿದ್ದವು, ತಾರೀಖಿನ ಸಮೇತ. ನಾನು ಮರೆತಿದ್ದೆ. ಬಹುಮಾನ ಕೊಟ್ಟ ತೀರ್ಪುಗಾರರೂ ಮರುದಿನವೇ ಮರೆತ ನನ್ನ ಮಾತುಗಳನ್ನು ಒಬ್ಬ ಮನುಷ್ಯ ಹೀಗೆ ಒಂದೊಂದಾಗಿ ಎತ್ತಿಟ್ಟಿದ್ದರು.

ಚಟ್ಟಿಯಲ್ಲಿ ಏನೋ ಸರಕ್ಕೆಂದಿತು. ಗೂಡು ಸೀಳಿ, ಒದ್ದೆ ಚಿಂದಿಯಂಥದೊಂದು ಹೊರಬಂದು ನೇತಾಡುತ್ತಿತ್ತು. ಚಿಂದಿ ಮೆಲ್ಲಗೆ ಬಿಚ್ಚಿಕೊಳ್ಳುತ್ತಾ ರೆಕ್ಕೆಯಾಯಿತು. ನಾನು ನರಸಿಂಹನ ಮುಂದೆ ನಿಂತ ಮಾವನ ಹಾಗೆಯೇ ಮೂಗು ತಗಲುವಷ್ಟು ಹತ್ತಿರ ಬಗ್ಗಿದ್ದೆ. ನಾಲ್ಕೇ ಕಾಲು ಕಾಣುತ್ತಿದ್ದವು.

ಕಿಟಕಿ ತೆರೆದಿತ್ತು. ರೆಕ್ಕೆ ಒಣಗಿದ ಮೇಲೆ ಅದು ಹಾರಿಹೋಗಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಎದ್ದು ಕಿಟಕಿ ಮುಚ್ಚಿದೆ.

"ಏನಿದೆಯೋ?" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಕಣ್ಣಿಲ್ಲ ಅತ್ತೆ."

"ಸರಿಯಾಗಿ ನೋಡು."

"ನೋಡಿದೆ."

"ಅಂತೂ ಆ ದರಿದ್ರ ಪೆಟ್ಟಿಗೆ ಇನ್ನು ಈ ಮನೆ ಬಿಟ್ಟು ಹೋಗಲ್ಲ ಅನ್ನು," ಎಂದು ಗೊಣಗುತ್ತಾ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತು. ಸಜ್ಜಿಗೆ!

(ಈ ವಿಷಯವೆಲ್ಲ ಇಂಗ್ಲಿಷಿನವರ ಹಳೆಯ ಪುಸ್ತಕದಲ್ಲಿ ಮೊದಲೇ ಇತ್ತು ಎಂದು ಆಮೇಲೆ ಮೈಸೂರಿನ ಲೈಬ್ರರಿಯಲ್ಲಿ ಪತ್ತೆ ಮಾಡಿದೆ. ಕಾಡಿನ ನೆರಳಿನಲ್ಲಿರುವ, ಮುಸ್ಸಂಜೆಯಲ್ಲಿ ಹಾರುವ ಕಂದು ಚಿಟ್ಟೆ. ಮಳೆಗಾಲಕ್ಕೊಂದು ಉಡುಪು, ಒಣಗಾಲಕ್ಕೊಂದು. ಎರಡೇ ಸಾಲು! ಹನ್ನೊಂದು ವರ್ಷದ ಹಾಜರಿ, ಹಸು ತಿಂದ ಹುಳುಗಳು, ನನ್ನ ಮಾನ, ಎಲ್ಲವನ್ನೂ ಎರಡು ಸಾಲು ಉಳಿಸಬಹುದಿತ್ತು. ಸಿಟ್ಟಿನಿಂದ ಮಾವನಿಗೆ ಹೇಳಿದರೆ, "ಅವರೂ ನೋಡಿದಾರಾ? ಸಂತೋಷ!" ಎಂದರು.)

ದೀಪ ಹಚ್ಚುವ ಹೊತ್ತಿಗೆ ಮಾವ ಬೇಲೂರಿನ ಬಸ್ಸಿಳಿದು ಬಂದರು. ಕಾಲು ತೊಳೆದರು. ಕೋಟು ತೆಗೆದು ಗೂಟಕ್ಕೆ ಹಾಕಿದರು. ಚಟ್ಟಿಯ ಕಡೆ ತಿರುಗಲೇ ಇಲ್ಲ.

"ಬಂತೇನೋ?"

"ಬಂತು. ನೀವೇ ನೋಡಿ ಮಾವ."

"ಬೇಡ, ನೀನು ಹೇಳು. ನಾನು ನೋಡಿದರೆ ನನಗೆ ಬೇಕಾದ್ದೇ ಕಾಣುತ್ತೆ. ನಿನಗಾದರೆ ಇದ್ದದ್ದು ಕಾಣುತ್ತೆ."

ಎಷ್ಟೋ ವೇದಿಕೆ ಹತ್ತಿದ್ದೇನೆ. ಎದುರಾಳಿಯ ಪರವಾಗಿ ಮಾತಾಡಿದ್ದು ಅವತ್ತೇ. "ಕಣ್ಣಿಲ್ಲ ಮಾವ. ಕಣ್ಣಿರಬೇಕಾದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಇದೆ. ಬಳೆ ಇಲ್ಲ. ಮೈಯೆಲ್ಲ ತರಗೆಲೆ. ತುದಿ ಕೊಕ್ಕೆ. ಹದಿನೈದು."

ಮಾವ ಆಗ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಟ್ಟಿಯನ್ನು ಹಿತ್ತಲಿಗೆ ಒಯ್ದು ನೆಲದ ಮೇಲಿಟ್ಟರು. ಚಿಟ್ಟೆ ಎರಡು ಸಲ ರೆಕ್ಕೆ ಅದುರಿಸಿ, ಎದ್ದು, ನಾಲ್ಕು ಮಾರು ಹಾರಿ ಹಲಸಿನ ಮರದ ಕೆಳಗೆ ದೊಪ್ಪನೆ ಬಿದ್ದು ಮಾಯವಾಯಿತು. ಹಸು ಒಮ್ಮೆ ತಲೆಯೆತ್ತಿ ನೋಡಿತು.

ಒಳಗೆ ಬಂದು ಮಾವ ಹಾಜರಿ ಪುಸ್ತಕ ತೆರೆದರು. ಹದಿನೈದನೆಯ ನಂಬರನ್ನು ಹೊಡೆದುಹಾಕಿ ಹದಿನಾಲ್ಕರಲ್ಲಿ ಸೇರಿಸಿಬಿಡುತ್ತಾರೆಂದುಕೊಂಡೆ. ಅವರು ಗೀಟು ಎಳೆಯಲಿಲ್ಲ. ಅವತ್ತಿನ ತಾರೀಖು ಬರೆದು, ಷರಾದ ಜಾಗವನ್ನು ಖಾಲಿ ಬಿಟ್ಟು, ಪೆನ್ನನ್ನು ನನ್ನ ಕಡೆ ಚಾಚಿದರು.

"ಈ ಸಲ ನೀನೇ ಬರಿ."

ಏನು ಬರೆಯಲಿ? ಒಪ್ಪಿದೆ ಎಂದು ಬರೆಯಬಹುದಿತ್ತು. ಮಾವನಿಗೆ ಮಾತು ಕೊಟ್ಟದ್ದೂ ಹಾಗೆಯೇ. ಆದರೆ ಸುಳ್ಳು ಬರೆದರೆ ಆ ಪುಸ್ತಕಕ್ಕೆ ಅವಮಾನ. ಯೋಚಿಸಿ, ಇದ್ದದ್ದನ್ನೇ ಬರೆದೆ: "ಹುಟ್ಟಿದ್ದು ಒಂದೇ ಚಿಟ್ಟೆ. ಒಂದರಿಂದ ನಿಯಮ ಸಿದ್ಧವಾಗದು. ಮುಂದಿನ ವರ್ಷ ಇನ್ನೊಮ್ಮೆ ಸಾಕಿ ನೋಡತಕ್ಕದ್ದು."

ಮಾವ ಕನ್ನಡಕ ಏರಿಸಿಕೊಂಡು ಓದಿದರು. ಅವರಿಗೆ ಬೇಜಾರಾದೀತೆಂದು ನಾನು ನೆಲ ನೋಡುತ್ತಿದ್ದೆ. ತಲೆಯೆತ್ತಿದರೆ, ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡು ಅವರು ಆಗಲೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದರು:

"ಲೇ, ಕೇಳಿದೆಯೇನೇ? ಮುಂದಿನ ವರ್ಷವೂ ಬರ್ತಾನಂತೆ!"

"ಬರಲಿ. ಹಾಗಾದರೆ ಮೂರು ಕುಂಡ ಮಾಡೋಣ," ಎಂದಿತು ಹೊಗೆಯೊಳಗಿಂದ ಅತ್ತೆಯ ದನಿ. "ಒಂದನ್ನ ಅವನ ಕೈಗೆ ಸಿಗದ ಹಾಗೆ ಇಡೋಣ."